ಕಲಾವಿದರ ಆಟೋಗ್ರಾಫ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕದವರು, ಸಿನಿಮಾದವರು ಸಹಿ ಹಾಕಿದ ಫೋಟೊ, ಕರಪತ್ರ, ಟಿಕೆಟ್, ಹಾಡಿನ ಪುಸ್ತಕ ಇಂಥವನ್ನೆಲ್ಲ ಕೂಡಿಡುವ ಹುಚ್ಚು ನನ್ನದು. ಈ ಹುಚ್ಚು ಹೊಸದಾಗಿ ಹತ್ತಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಬೆಂಗಳೂರಿನವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಎಲ್ಲಿಂದ ಶುರು ಮಾಡಲಿ?

ನಾಟಕದಿಂದ. ಈ ವಿಷಯದಲ್ಲಿ ನನ್ನದು ಒಂದೇ ಮಾತು. ಎಲ್ಲರೂ ದೊಡ್ಡ ಸ್ಟಾರ್ ಮನೆ ಗೇಟಿನ ಮುಂದೆ ನಿಂತು ಶುರು ಮಾಡುತ್ತಾರೆ, ನಾಲ್ಕು ಸಲ ಸೆಕ್ಯೂರಿಟಿಯವರ ಕೈಲಿ ಬೈಸಿಕೊಂಡು ಬಿಟ್ಟುಬಿಡುತ್ತಾರೆ. ಅದೇ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ ನೋಡಿ. ನಾಟಕ ಮುಗಿದ ಮೇಲೆ ಕಲಾವಿದರು ಮುಖ ತೊಳೆದುಕೊಂಡು ಹೊರಗೆ ಬರುತ್ತಾರೆ. ಕೆಲವರು ತೊಳೆಯದೆಯೂ ಬರುತ್ತಾರೆ. ಸ್ನೇಹಿತರ ಜೊತೆ ಕ್ಯಾಂಟೀನ್ ಕಡೆ ನಿಂತು ಮಾತಾಡುತ್ತಾರೆ. ನಿಮಗೂ ಅವರಿಗೂ ನಡುವೆ ಗೇಟೂ ಇಲ್ಲ, ಬೌನ್ಸರೂ ಇಲ್ಲ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದ ನಯನ ಸಭಾಂಗಣ, ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲತ್ತಹಳ್ಳಿಯ ಕಲಾಗ್ರಾಮ, ಇಲ್ಲೆಲ್ಲ ಹೀಗೇ. ಇನ್ನೊಂದು ಲಾಭವೂ ಇದೆ. ಇವತ್ತು ಸಿನಿಮಾ, ಸೀರಿಯಲ್‌ನಲ್ಲಿ ಕಾಣುವ ಒಳ್ಳೆಯ ಪೋಷಕ ನಟರಲ್ಲಿ ಬಹಳ ಜನ ನಾಟಕದಿಂದಲೇ ಬಂದವರು. ಅವರು ಈಗಲೂ ನಾಟಕ ನೋಡಲು ಬಂದು, ಟಿಕೆಟ್ ತಗೊಂಡು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ರಂಗಶಂಕರಕ್ಕೆ ಹೋಗುವವರು ಒಂದು ನೆನಪಿಡಿ. ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಇತ್ತು ಅನ್ನುವ ಕಾರಣ ಅಲ್ಲಿ ನಡೆಯಲ್ಲ.

ಯಾವುದರ ಮೇಲೆ ಸಹಿ ಹಾಕಿಸಬೇಕು? ಆಟೋಗ್ರಾಫ್ ಪುಸ್ತಕ ಸಾಕಲ್ವಾ?

ಸಾಕು, ಆದರೆ ಸಪ್ಪೆ. ಪುಸ್ತಕದ ಖಾಲಿ ಹಾಳೆಯ ಮೇಲಿನ ಸಹಿ ಬರೀ ಸಹಿ. ಅದೇ ಸಂಜೆಯ ಕರಪತ್ರದ ಮೇಲೆ ಸಹಿ ಇದ್ದರೆ ಯಾವ ನಾಟಕ, ಯಾವ ತಂಡ, ಯಾರು ಯಾವ ಪಾತ್ರ, ಬೆಳಕು ಯಾರದು, ಸಂಗೀತ ಯಾರದು, ಎಲ್ಲ ಅದರಲ್ಲೇ ಇರುತ್ತದೆ. ಐವತ್ತು ವರ್ಷ ಆದ ಮೇಲೆ ಆ ಹಾಳೆಯೇ ಮಾತಾಡುತ್ತದೆ. ಕರಪತ್ರ ಸಿಗದಿದ್ದರೆ ಆಹ್ವಾನ ಪತ್ರಿಕೆ, ಅದೂ ಇಲ್ಲದಿದ್ದರೆ ಟಿಕೆಟ್. ಮೊಬೈಲಿಗೆ ಬಂದ ಟಿಕೆಟ್ ಇದ್ದರೂ ಕೌಂಟರ್‌ನಲ್ಲಿ ಕೇಳಿ, ಕಾಗದದ ಟಿಕೆಟ್ ಕೊಡುವ ಕಡೆ ಕೊಡುತ್ತಾರೆ.

ನನ್ನ ಬಳಿ ಇರುವುದರಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ಸಾಧಾರಣ ಎರಡು ಮಡಿಕೆಯ ಕರಪತ್ರ. ಪಾತ್ರವರ್ಗದ ಪಟ್ಟಿಯಲ್ಲಿ ಒಬ್ಬೊಬ್ಬರೂ ತಮ್ಮ ಹೆಸರಿನ ಮುಂದೆಯೇ ಸಹಿ ಹಾಕಿದ್ದಾರೆ. ರಾಜನ ಪಾತ್ರದವರ ಬಣ್ಣ ಇನ್ನೂ ಒಣಗಿರಲಿಲ್ಲ. ಹಾಳೆಯ ಬಲಗಡೆ ಅಂಚಿನಲ್ಲಿ ಅವರ ಹೆಬ್ಬೆರಳಿನ ಗುರುತು ಕೆಂಪಾಗಿ ಕೂತಿದೆ, ಗೆರೆಗೆರೆ ಎಣಿಸಬಹುದು. ಹಾರ್ಮೋನಿಯಂ ನುಡಿಸಿದವರು ‘ನನ್ನದೂ ಬೇಕಾ?’ ಅಂತ ಎರಡು ಸಲ ಕೇಳಿ ಆಮೇಲೆ ಹಾಕಿದರು. ಆ ಹೆಬ್ಬೆರಳಿನ ಗುರುತಿನಂಥ ಬಣ್ಣದ ಕಲೆ ಇದ್ದರೆ ಒರೆಸಲು ಹೋಗಬೇಡಿ.

ಸಿನಿಮಾದ್ದಾದರೆ ಫೋಟೊ, ಹಳೆಯ ಹಾಡಿನ ಪುಸ್ತಕ, ಎಲ್.ಪಿ. ರೆಕಾರ್ಡಿನ ಕವರ್, ಕ್ಯಾಸೆಟ್‌ನ ಇನ್‌ಲೇ ಕಾರ್ಡ್ ಚೆನ್ನ. ರೆಕಾರ್ಡ್ ಮೇಲೆಯೇ ಹಾಕಿಸಬೇಡಿ, ಕವರ್ ಮೇಲೆ ಹಾಕಿಸಿ. ಪೋಸ್ಟರ್ ಕೂಡ ಒಳ್ಳೆಯದೇ, ಆದರೆ ಬಾಡಿಗೆ ಮನೆಯಲ್ಲಿ ಅದನ್ನು ಇಡುವುದು ಎಲ್ಲಿ?

ಹೇಗೆ ಕೇಳಬೇಕು? ನನಗೆ ಮುಜುಗರ.

ಕೇಳುವವರಿಗೆಲ್ಲ ಮುಜುಗರ ಇದ್ದೇ ಇರುತ್ತದೆ. ನಾಟಕ ನೋಡಿ ಕೇಳಿ. ನೋಡದೆ ಬರೀ ಸಹಿಗೆ ಬಂದವರು ಯಾರು ಅಂತ ಕಲಾವಿದರಿಗೆ ಗೊತ್ತಾಗುತ್ತದೆ. ‘ಸರ್, ಎರಡನೇ ಅಂಕದಲ್ಲಿ ನೀವು ಸುಮ್ಮನೆ ನಿಂತಿದ್ದಿರಲ್ಲ, ಅದು ತುಂಬ ಹಿಡಿಸಿತು’ ಅಂತ ಒಂದು ಮಾತು ಹೇಳಿದರೆ ಸಾಕು. ಹಿರಿಯ ಕಲಾವಿದೆಯರಿಗೆ ‘ಅಮ್ಮ’ ಅಂದರೂ ನಡೆಯುತ್ತದೆ, ‘ಮೇಡಂ’ ಅಂದರೂ ನಡೆಯುತ್ತದೆ. ‘ಆಂಟಿ’ ಬೇಡ.

ಪೆನ್ನಿನ ಕ್ಯಾಪ್ ತೆಗೆದು ಕೊಡಿ. ಕೆಳಗೆ ಇಟ್ಟುಕೊಳ್ಳಲು ಮಕ್ಕಳ ಪರೀಕ್ಷೆ ಪ್ಯಾಡ್ ಒಂದು ಬ್ಯಾಗಿನಲ್ಲಿರಲಿ. ಗೋಡೆಗೆ ಒತ್ತಿಯೋ ಯಾರದೋ ಬೆನ್ನ ಮೇಲಿಟ್ಟೋ ಹಾಕಿಸಿದ ಸಹಿ ನೋಡಿದರೇ ಗೊತ್ತಾಗುತ್ತದೆ. ಒಬ್ಬರ ಹತ್ತಿರ ಒಂದು ಸಲಕ್ಕೆ ಒಂದೇ. ಆರು ಫೋಟೊ ಚಾಚಿದರೆ ನಿಮ್ಮನ್ನು ಮಾರುವವರು ಅಂದುಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ನಾಟಕಕ್ಕೆ ಮೊದಲು ಗ್ರೀನ್ ರೂಮಿಗೆ ನುಗ್ಗಬೇಡಿ. ಊಟ ಮಾಡುವಾಗ, ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಕೇಳಬೇಡಿ. ಅಂತಿಮ ದರ್ಶನಕ್ಕೆ ಬಂದ ನಟರ ಮುಂದೆ ಪೆನ್ನು ಹಿಡಿದವರನ್ನು ನಾನೇ ನೋಡಿದ್ದೇನೆ, ಹಾಗಾಗಿ ಇದನ್ನೂ ಬರೆಯಬೇಕಾಯಿತು.

ಯಕ್ಷಗಾನ ಕಲಾವಿದರ ಸಹಿಯನ್ನೂ ಸಂಗ್ರಹಿಸಬಹುದಾ?

ಖಂಡಿತ. ಆಶ್ಚರ್ಯ ಅಂದರೆ ಇದನ್ನು ಮಾಡುವವರು ಕಡಿಮೆ. ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಯ ಹೊತ್ತಿಗೆ, ಕರಾವಳಿಯ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಅಲ್ಲಿನ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬರುತ್ತಾರೆ. ಕಲಾಕ್ಷೇತ್ರದಲ್ಲಿ ರಾತ್ರಿಯಿಡೀ ಆಟ ಇರುತ್ತದೆ. ತೆಂಕು, ಬಡಗು ಎರಡೂ ತಿಟ್ಟಿನವರು, ಅಂದರೆ ಯಕ್ಷಗಾನದ ಎರಡೂ ಶೈಲಿಯವರು ಸಿಗುತ್ತಾರೆ.

ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಿ. ಅಲ್ಲಿ ಗಣಪತಿ ಇಟ್ಟು ಪೂಜೆ ಮಾಡಿರುತ್ತಾರೆ. ವೇಷ ಕಟ್ಟುವಾಗ ಮಾತಾಡಿಸಬೇಡಿ, ಕೈಗೆಲ್ಲ ಬಣ್ಣ ಇರುತ್ತದೆ, ಮನಸ್ಸು ಪಾತ್ರದಲ್ಲಿರುತ್ತದೆ. ವೇಷ ಕಳಚಿದ ಮೇಲೆ ಅವರು ಚಹಾ ಕುಡಿಯುವ ಹೊತ್ತು ಚೆನ್ನ. ಭಾಗವತರನ್ನೂ ಮದ್ದಳೆ, ಚೆಂಡೆಯವರನ್ನೂ ಬಿಡಬೇಡಿ.

ದೊಡ್ಡ ಸಿನಿಮಾ ನಟರ ಸಹಿ ಬೇಕು ಅಂದರೆ?

ಹುಟ್ಟುಹಬ್ಬದ ದಿನ ಮನೆ ಮುಂದೆ ಹೋಗಬೇಡಿ. ಅವತ್ತು ಕೇಕ್, ಹಾರ, ಪಟಾಕಿ, ನೂಕುನುಗ್ಗಲು. ಸಹಿ ಹಾಕುವ ವ್ಯವಧಾನ ಯಾರಿಗೂ ಇರಲ್ಲ. ಮೊದಲ ದಿನದ ಮೊದಲ ಶೋಗೆ ಕೆ.ಜಿ. ರಸ್ತೆಯ ಥಿಯೇಟರಿಗೆ ಚಿತ್ರತಂಡ ಬಂದಾಗಲೂ ಅಷ್ಟೇ.

ಪುಸ್ತಕ ಬಿಡುಗಡೆ ಸಮಾರಂಭಗಳು ಬಹಳ ಒಳ್ಳೆಯ ಜಾಗ. ಬಸವನಗುಡಿ, ಗಾಂಧಿ ಬಜಾರ್ ಸುತ್ತಮುತ್ತ ಭಾನುವಾರ ಬೆಳಗ್ಗೆ ಇಂಥ ಕಾರ್ಯಕ್ರಮ ಇದ್ದೇ ಇರುತ್ತದೆ, ಅತಿಥಿಯಾಗಿ ನಟರು ಬರುತ್ತಾರೆ, ಅವತ್ತು ಅವರಿಗೆ ಅವಸರ ಇರುವುದಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಚಿತ್ರ ಮುಗಿದ ಮೇಲಿನ ಸಂವಾದಗಳೂ ಹಾಗೇ. ಉತ್ಸವದ ವೇಳಾಪಟ್ಟಿ ಪುಸ್ತಕ ಕೈಯಲ್ಲಿದ್ದರೆ ಆ ಚಿತ್ರದ ಪುಟದ ಮೇಲೇ ಹಾಕಿಸಿಕೊಳ್ಳಿ.

ಪತ್ರ ಬರೆದು ತರಿಸುವುದು ಈಗಲೂ ಆಗುತ್ತದೆ. ಕೈಬರಹದಲ್ಲಿ ಒಂದು ಪುಟ ಮೀರದ ಪತ್ರ, ಸಹಿ ಆಗಬೇಕಾದ ಫೋಟೊ, ಹಾಳೆ ಮಡಚದಂತೆ ಒಂದು ರಟ್ಟು, ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ. ಆಮೇಲೆ ಮರೆತುಬಿಡಿ. ಬಂದರೆ ಬಂತು.

ಸಹಿ ಬದಲು ಸೆಲ್ಫಿ ಕೊಡ್ತೀನಿ ಅಂತಾರೆ.

ಸೆಲ್ಫಿಯನ್ನೂ ತಗೊಳ್ಳಿ. ಅದರಲ್ಲಿ ದಿನ, ಜಾಗ ದಾಖಲಾಗಿರುತ್ತದೆ. ಆಮೇಲೆ ಹಾಕಿಸಿಕೊಂಡ ಸಹಿಗೆ ಅದೇ ಸಾಕ್ಷಿ. ಸಹಿ ಹಾಕುತ್ತಿರುವಾಗಲೇ ಸ್ನೇಹಿತರಿಂದ ಒಂದು ಫೋಟೊ ತೆಗೆಸಿಕೊಂಡರೆ ಇನ್ನೂ ಚೆನ್ನ.

ಯಾವ ಪೆನ್ನು ಒಳ್ಳೆಯದು?

ನುಣುಪು ಫೋಟೊ ಮೇಲೆ ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್. ಅಂಗಡಿಯಲ್ಲಿ ‘ಸಿ.ಡಿ. ಮಾರ್ಕರ್’ ಅಂತ ಕೇಳಿದರೆ ಕೊಡುತ್ತಾರೆ. ರಟ್ಟಿನ ಡಬ್ಬದ ಮೇಲೆ ಬರೆಯುವ ದಪ್ಪ ಮಾರ್ಕರ್ ಬೇಡ. ಕಪ್ಪು ಬಿಳುಪು ಫೋಟೊಗೆ ನೀಲಿ ಚೆನ್ನಾಗಿ ಎದ್ದು ಕಾಣುತ್ತದೆ. ಕಪ್ಪು ಮಾರ್ಕರ್‌ನಲ್ಲಿ ಇನ್ನೊಂದು ತೊಂದರೆ, ವರ್ಷಗಳು ಕಳೆದಂತೆ ಕೆಲವು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಹಿನ್ನೆಲೆ ಪೂರ್ತಿ ಕಪ್ಪಾಗಿದ್ದರೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಮಾರ್ಕರ್. ಅದನ್ನು ಚೆನ್ನಾಗಿ ಅಲ್ಲಾಡಿಸಿ, ಬೇರೆ ಹಾಳೆ ಮೇಲೆ ಗೀಚಿ ನೋಡಿ, ಆಮೇಲೆ ಕೊಡಿ. ಇಲ್ಲದಿದ್ದರೆ ಮೊದಲ ಅಕ್ಷರಕ್ಕೇ ದೊಡ್ಡ ಹನಿ ಬಿದ್ದು ಹಾಳಾಗುತ್ತದೆ.

ಕರಪತ್ರ, ಪುಸ್ತಕ, ಟಿಕೆಟ್‌ಗೆ ಮಾರ್ಕರ್ ಬೇಡವೇ ಬೇಡ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಅದಕ್ಕೆ ಬಾಲ್ ಪೆನ್ ಸಾಕು. ನೀರಿಗೆ ಅಳಿಯದ ಪಿಗ್ಮೆಂಟ್ ಇಂಕಿನ ಪೆನ್ ಇದ್ದರೆ ಇನ್ನೂ ಒಳ್ಳೆಯದು. ಫೌಂಟನ್ ಪೆನ್ನಿನ ಸಾದಾ ನೀಲಿ ಇಂಕು ನೋಡಲು ಚಂದ, ಆದರೆ ಬೆಳಕಿಗೆ ಬೇಗ ಮಾಸುತ್ತದೆ, ಒಂದು ಹನಿ ನೀರು ಬಿದ್ದರೂ ಕದಡಿಹೋಗುತ್ತದೆ.

ಹೊಸ ಫೋಟೊ ಪ್ರಿಂಟ್ ಮೇಲೆ ಮಾರ್ಕರ್ ಜಾರುತ್ತಿದ್ದರೆ ಮೊದಲೇ ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿಕೊಂಡು ಹೋಗಿ. ಸಹಿ ಆದ ಮೇಲೆ ತಕ್ಷಣ ಕವರಿಗೆ ಹಾಕಬೇಡಿ. ಐದು ನಿಮಿಷ ಕೈಯಲ್ಲೇ ಹಿಡಿದುಕೊಂಡಿರಿ.

‘ಪ್ರೀತಿಯ ಇಂಥವರಿಗೆ’ ಅಂತ ನನ್ನ ಹೆಸರು ಬರೆಸಿಕೊಂಡರೆ ಬೆಲೆ ಕಡಿಮೆ ಆಗುತ್ತಂತೆ, ಹೌದಾ?

ಮಾರುವ ಉದ್ದೇಶ ಇದ್ದರೆ ಹೌದು. ಇಟ್ಟುಕೊಳ್ಳುವ ಉದ್ದೇಶ ಇದ್ದರೆ ಬರೆಸಿಕೊಳ್ಳಿ. ಹೆಸರು, ಊರು, ತಾರೀಖು ಇರುವ ಸಹಿಯನ್ನು ನಕಲು ಮಾಡುವುದು ಕಷ್ಟ, ಅನುಮಾನ ಪಡುವುದೂ ಕಷ್ಟ. ಎರಡು ಸಾಲು ಕೈಬರಹ ಇದ್ದರೆ ಹೋಲಿಸಿ ನೋಡಲು ಎಷ್ಟೊಂದು ಅಕ್ಷರ ಸಿಗುತ್ತದೆ! ಕನ್ನಡದಲ್ಲೇ ಹಾಕಿ ಸರ್ ಅಂತ ಕೇಳಿ. ಇಂಗ್ಲಿಷಿನಲ್ಲಿ ಗೀಚುವ ಅಭ್ಯಾಸ ಇರುವವರೂ ಕೇಳಿದರೆ ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಬರೆಯುತ್ತಾರೆ.

ಹಳೆಯ ಕಾಲದವರ ಸಹಿ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?

ಅವೆನ್ಯೂ ರಸ್ತೆಯ ಹಳೆ ಪುಸ್ತಕದವರು, ಚಿಕ್ಕಪೇಟೆ ಕಡೆಯ ಸಂಡೆ ಬಜಾರ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಬುಕ್ ಶಾಪ್, ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳು. ಅಲ್ಲಿ ‘ಆಟೋಗ್ರಾಫ್ ಇದೆಯಾ’ ಅಂತ ಕೇಳಬೇಡಿ, ಕೇಳಿದ ಕೂಡಲೇ ಬೆಲೆ ಏರುತ್ತದೆ. ನಾಟಕದ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಮೊದಲ ಖಾಲಿ ಪುಟ ನೋಡಿ. ಗಿರೀಶ ಕಾರ್ನಾಡರು ಬೆಂಗಳೂರಿನಲ್ಲಿ ಬಹಳ ಕಾಲ ಇದ್ದವರು, ಸಹಿ ಮಾಡಿ ಕೊಟ್ಟ ಪುಸ್ತಕಗಳು ಎಷ್ಟೋ ಮನೆಗಳಲ್ಲಿವೆ. ಮನೆ ಖಾಲಿ ಮಾಡುವಾಗ ಅವು ರದ್ದಿಗೆ ಬರುತ್ತವೆ.

ನಾನು ಬಹಳ ಬೆಲೆ ಕೊಡುವುದು 1970ರ ದಶಕದ ಹವ್ಯಾಸಿ ರಂಗಭೂಮಿಯ ಕಾಗದಗಳಿಗೆ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ನಾಟಕ ಆಡಿಸಿದ ಕಾಲ, ನಟರಂಗ ತಂಡದಲ್ಲಿ ಸಿ.ಆರ್. ಸಿಂಹ ತುಘಲಕ್ ಆದ ಕಾಲ, ಲೋಕೇಶ್ ರಂಗದ ಮೇಲೂ ತೆರೆಯ ಮೇಲೂ ಇದ್ದ ಕಾಲ. ಅವತ್ತಿನ ಕರಪತ್ರಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದ ಕರಪತ್ರಗಳ ಕಥೆಯೂ ಅದೇ. ಊರೂರಿಗೆ ಹಂಚಿದ ಹಾಳೆ ಅದು. ಹಂಚಿದ ಹಾಳೆಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಸಲಿ, ನಕಲಿ ಗುರುತಿಸುವುದು ಹೇಗೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು.

ಎಲ್ಲರೂ ಮೊದಲು ಸಹಿಯ ಆಕಾರ ನೋಡುತ್ತಾರೆ. ನಾನು ಮೊದಲು ತಾರೀಖು ನೋಡುತ್ತೇನೆ. ಕಾಗದ, ಪೆನ್ನು, ಹೆಸರು, ಇವು ಮೂರೂ ಒಂದೇ ಕಾಲಕ್ಕೆ ಸೇರಿದವಾ ಅಂತ.

ಹೆಸರಿನಿಂದ ಶುರು ಮಾಡಿ. ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಮುತ್ತುರಾಜ್ ರಾಜಕುಮಾರ್ ಆದದ್ದು 1954ರ ‘ಬೇಡರ ಕಣ್ಣಪ್ಪ’ದಿಂದ. ಅದಕ್ಕೂ ಹಿಂದಿನ ನಾಟಕದ ಕರಪತ್ರದ ಮೇಲೆ ‘ರಾಜಕುಮಾರ್’ ಅಂತ, ಅದೇ ಕಾಲದ ತಾರೀಖು ಹಾಕಿ ಸಹಿ ಇದ್ದರೆ ಕೈಮುಗಿದು ವಾಪಸ್ ಕೊಡಿ. ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಒಬ್ಬ ವ್ಯಾಪಾರಿ ನನಗೆ 1968 ಅಂತ ತಾರೀಖು ಇದ್ದ ಫೋಟೊ ತೋರಿಸಿದ್ದ, ಸಹಿಯ ಮುಂದೆ ಠೀವಿಯಿಂದ ‘ಡಾ.’ ಅಂತ ಬರೆದಿತ್ತು! ಸಂಪತ್ ಕುಮಾರ್ ವಿಷ್ಣುವರ್ಧನ್ ಆದದ್ದೂ ಅಮರನಾಥ್ ಅಂಬರೀಶ್ ಆದದ್ದೂ 1972ರ ‘ನಾಗರಹಾವು’ ಹೊತ್ತಿಗೆ. ಚಂದ್ರು ಅವರ ಹೆಸರಿನ ಹಿಂದೆ ‘ಮುಖ್ಯಮಂತ್ರಿ’ ಬಂದು ಕೂತದ್ದು ಆ ಹೆಸರಿನ ನಾಟಕದ ಮೇಲೆ. ಪುನೀತ್ ಬಾಲನಟನಾಗಿದ್ದಾಗ ಮಾಸ್ಟರ್ ಲೋಹಿತ್. ಇಂಥದ್ದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ಪೆನ್ನು. ಜೆಲ್ ಇಂಕು ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದೇ 1984ರಲ್ಲಿ. ಮಿನುಗುತಾರೆ ಕಲ್ಪನಾ ತೀರಿಕೊಂಡದ್ದು 1979ರಲ್ಲಿ. ಅವರ ಸಹಿ ಜೆಲ್ ಪೆನ್ನಿನಲ್ಲಿದ್ದರೆ ಇನ್ನೇನು ಹೇಳುವುದು. ಶಂಕರ್‌ನಾಗ್ ನಮ್ಮನ್ನು ಬಿಟ್ಟು ಹೋದದ್ದು 1990ರ ಸೆಪ್ಟೆಂಬರ್ 30ಕ್ಕೆ. ಅವರ ಸಹಿ ಇರುವ ಫೋಟೊ ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಪ್ರಿಂಟ್ ಆಗಿದ್ದರೆ, ಅದೂ ಅಷ್ಟೇ.

ಕಾಗದದ ಮೇಲಿನ ಅಚ್ಚು ಓದಿ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಅದಕ್ಕೂ ಮೊದಲು ‘ಬೆಂಗಳೂರು-2’ ಥರ ಇರುತ್ತಿತ್ತು. ನಮ್ಮ ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ, ಹಿಂದಿನ ಕಾಗದಗಳಲ್ಲಿ ಮೈಸೂರು ರಾಜ್ಯ. ಇಂಗ್ಲಿಷಿನಲ್ಲೂ ‘ಬೆಂಗಳೂರು’ ಅಂತ ಅಧಿಕೃತವಾಗಿ ಬರೆಯತೊಡಗಿದ್ದು 2014ರಿಂದ. ಯು.ವಿ. (ನೇರಳಾತೀತ ಕಿರಣದ) ಟಾರ್ಚ್ ಒಂದು ಇಟ್ಟುಕೊಳ್ಳಿ, ದುಬಾರಿ ಅಲ್ಲ. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. 1930ರ ಕಂಪನಿ ನಾಟಕದ ಹಾಳೆ ಅಂತ ಕೊಟ್ಟದ್ದು ಕತ್ತಲಲ್ಲಿ ಆ ಟಾರ್ಚ್ ಬೆಳಕಿಗೆ ನೀಲಿಯಾಗಿ ಹೊಳೆದರೆ ಅದು ಆ ಕಾಲದ್ದಲ್ಲ.

ಒಂದು ಕಡೆ ಮಾತ್ರ ವಿನಾಕಾರಣ ಅನುಮಾನ ಬೇಡ. ಕನ್ನಡದ ಹಳೆಯ ಸ್ಟಾರ್‌ಗಳ ಫೋಟೊ ಹಿಂದೆ ಮದ್ರಾಸಿನ ಸ್ಟುಡಿಯೋ ಮುದ್ರೆ ಇದ್ದರೆ ಜನ ಹೆದರುತ್ತಾರೆ. ಆಗ ಕನ್ನಡ ಸಿನಿಮಾ ಬಹುಪಾಲು ತಯಾರಾಗುತ್ತಿದ್ದದ್ದೇ ಮದ್ರಾಸಿನಲ್ಲಿ. ಆ ಮುದ್ರೆ ಇರುವುದು ಒಳ್ಳೆಯ ಲಕ್ಷಣವೇ.

ಕೊನೆಗೆ ಸಹಿ. ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಚುಕ್ಕೆ ಸೇರಿ ಗೆರೆ ಆಗಿದ್ದರೆ ಅದು ಅಚ್ಚಾದದ್ದು, ಬರೆದದ್ದಲ್ಲ. ಕೈಯಲ್ಲಿ ಬರೆದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುತ್ತದೆ. ಬಾಲ್ ಪೆನ್ ಆದರೆ ಹಿಂಬದಿಯಲ್ಲಿ ಬೆರಳಾಡಿಸಿದಾಗ ಒತ್ತು ತಿಳಿಯುತ್ತದೆ. ನಕಲು ಮಾಡುವವನು ನಿಧಾನವಾಗಿ ಬಿಡಿಸುತ್ತಾನೆ, ಹಾಗಾಗಿ ಗೆರೆ ನಡುಗಿರುತ್ತದೆ, ನಿಲ್ಲಬಾರದ ಕಡೆ ಪೆನ್ನು ನಿಂತು ಇಂಕು ಗಂಟು ಕಟ್ಟಿರುತ್ತದೆ. ಕನ್ನಡ ಸಹಿಯಲ್ಲಿ ನಾನು ಒತ್ತಕ್ಷರ ಮತ್ತು ತಲೆಕಟ್ಟು ನೋಡುತ್ತೇನೆ. ಅವಸರದಲ್ಲಿ ನೂರಾರು ಸಲ ಬರೆದವರು ಎರಡನ್ನೂ ಒಂದೇ ಬೀಸಿನಲ್ಲಿ ಎಳೆದಿರುತ್ತಾರೆ, ಇಲ್ಲವೇ ಬಿಟ್ಟೇಬಿಟ್ಟಿರುತ್ತಾರೆ. ನಕಲು ಮಾಡುವವನು ತಪ್ಪಿಲ್ಲದೆ ಹಾಕುತ್ತಾನೆ. ಎರಡು ಫೋಟೊಗಳ ಮೇಲಿನ ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂದರೆ ಎರಡೂ ಅನುಮಾನ. ಯಾವ ಮನುಷ್ಯನೂ ಎರಡು ಸಲ ಅಷ್ಟು ಒಂದೇ ಥರ ಬರೆಯಲಾರ.

ವಯಸ್ಸಾದಂತೆ ಸಹಿ ಬದಲಾಗುತ್ತದೆ, ಕೈ ನಡುಗುತ್ತದೆ, ಕಾಯಿಲೆ ಬಂದಿರುತ್ತದೆ. ಹಾಗಾಗಿ ಹೋಲಿಸುವುದಾದರೆ ಅದೇ ಕಾಲದ ಸಹಿ ಜೊತೆ ಹೋಲಿಸಿ.

ಸರ್ಟಿಫಿಕೇಟ್ ಇದೆ ಅಂತ ಮಾರುತ್ತಿದ್ದಾರೆ. ನಂಬಬಹುದಾ?

ಸರ್ಟಿಫಿಕೇಟ್ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಹೊಲೊಗ್ರಾಂ ಸ್ಟಿಕ್ಕರ್ ಇದ್ದರೂ ಅಷ್ಟೇ. ಅದನ್ನು ಕೊಟ್ಟವರು ಯಾರು, ಸುಳ್ಳಾದರೆ ದುಡ್ಡು ವಾಪಸ್ ಕೊಡುತ್ತಾರಾ, ಇಷ್ಟೇ ಪ್ರಶ್ನೆ. ಅಮೆರಿಕದಲ್ಲಿ ಸಹಿ ಪರೀಕ್ಷೆ ಮಾಡುವ ದೊಡ್ಡ ದೊಡ್ಡ ಸಂಸ್ಥೆಗಳಿವೆ, ಆದರೆ ನಮ್ಮ ರಂಗಭೂಮಿಯ ಹಿರಿಯರ ಕನ್ನಡ ಸಹಿಯನ್ನು ಅವರ ಮುಂದೆ ಇಟ್ಟು ಏನು ಪ್ರಯೋಜನ? ಆ ತಂಡದಲ್ಲಿ ಅವರ ಜೊತೆ ಕೆಲಸ ಮಾಡಿದ ಒಬ್ಬರಿಗೆ ತೋರಿಸಿ. ಒಂದು ಕ್ಷಣದಲ್ಲಿ ಹೇಳುತ್ತಾರೆ.

ಅಭಿಮಾನಿ ಪತ್ರಕ್ಕೆ ಉತ್ತರವಾಗಿ ಬಂದ ಹಳೆಯ ಫೋಟೊ ಅಜ್ಜಿ ಪೆಟ್ಟಿಗೆಯಲ್ಲಿ ಸಿಕ್ಕಿತು. ಸಹಿ ಅಸಲಿನಾ?

ಅಚ್ಚಾದದ್ದೂ ಇರಬಹುದು, ಕಚೇರಿಯವರು ಹಾಕಿದ್ದೂ ಇರಬಹುದು. ದೊಡ್ಡ ನಟರಿಗೆ ಮೂಟೆಗಟ್ಟಲೆ ಪತ್ರ ಬರುತ್ತಿತ್ತು, ಎಲ್ಲಕ್ಕೂ ಅವರೇ ಸಹಿ ಹಾಕುತ್ತ ಕೂರುವ ಮಾತೇ ಇಲ್ಲ. ಭೂತಗನ್ನಡಿಯಲ್ಲಿ ನೋಡಿ. ಏನೇ ಆದರೂ ಲಕೋಟೆ ಎಸೆಯಬೇಡಿ. ಅಂಚೆ ಮುದ್ರೆಯಲ್ಲಿ ಊರು, ತಾರೀಖು ಇರುತ್ತದೆ. ಅಜ್ಜಿ ಇದ್ದರೆ ಕೂತು ಕೇಳಿ ಬರೆದುಕೊಳ್ಳಿ.

ಲ್ಯಾಮಿನೇಶನ್ ಮಾಡಿಸಲಾ?

ಬೇಡ. ಬಿಸಿಗೆ ಇಂಕು ಹರಡುತ್ತದೆ, ಅಂಟು ಒಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೊಟೇಪ್ ಕೂಡ ಬೇಡ, ಕೆಲವೇ ವರ್ಷಕ್ಕೆ ಹಳದಿ ಕಲೆ ಬಿಡುತ್ತದೆ. ಪುಟದ ಮೇಲೆ ಅಂಟು ಇದ್ದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಹಳೆ ಮಾದರಿಯ ಫೋಟೊ ಆಲ್ಬಂಗಳಿಂದ ನಿಮ್ಮ ಫೋಟೊಗಳನ್ನು ಇವತ್ತೇ ಬಿಡಿಸಿ. ಬರದಿದ್ದರೆ ಕಿತ್ತು ಎಳೆಯಬೇಡಿ. ಹಲ್ಲುಜ್ಜುವ ಫ್ಲಾಸ್ ದಾರವನ್ನು ಹಿಂದಿನಿಂದ ಗರಗಸ ಎಳೆದ ಹಾಗೆ ಆಡಿಸಿ ಬಿಡಿಸಬಹುದು.

ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ಹಾಕೋಣ ಅಂತಿದ್ದೀನಿ.

ಹಾಕಿ, ಆದರೆ ಫ್ರೇಮ್ ಅಂಗಡಿಯಲ್ಲಿ ನಿಂತು ಮಾಡಿಸಿ. ಅವರ ಅಭ್ಯಾಸ ಹೇಗೆಂದರೆ, ಫೋಟೊ ಹಿಂದೆ ಫೆವಿಕಾಲ್ ಸವರಿ ಹಾರ್ಡ್‌ಬೋರ್ಡಿಗೆ ಅಂಟಿಸಿಬಿಡುತ್ತಾರೆ. ಅಳತೆ ಕೂರದಿದ್ದರೆ ಅಂಚು ಕತ್ತರಿಸುತ್ತಾರೆ, ನೀಟಾಗಿ ಬರಲಿ ಅಂತ. ಹಾಗೆ ಕತ್ತರಿಸುವಾಗ ಒಂದು ಫೋಟೊದಲ್ಲಿ ಸಹಿಯ ಬಾಲವೇ ಹೋಗಿತ್ತು, ಜೊತೆಗೆ ತಾರೀಖೂ ಹೋಗಿತ್ತು. ಅಂಟಿಸಬೇಡಿ, ಕತ್ತರಿಸಬೇಡಿ, ಮೌಂಟ್ ಬೋರ್ಡ್ ಹಾಕಿ ಗಾಜಿಗೂ ಫೋಟೊಗೂ ನಡುವೆ ಜಾಗ ಬಿಡಿ ಅಂತ ಮೂರೂ ಹೇಳಿ. ಗಾಜಿಗೆ ತಾಗಿದ ಫೋಟೊ ಒಂದು ಮಳೆಗಾಲಕ್ಕೇ ಅಂಟಿಕೊಳ್ಳುತ್ತದೆ.

ಕಿಟಕಿಯ ಎದುರಿನ ಗೋಡೆ ಬೇಡ, ಬಿಸಿಲಿಗೆ ಇಂಕು ಮಾಸುತ್ತದೆ. ಮಳೆಗೆ ಥಂಡಿ ಹಿಡಿಯುವ ಹೊರಗೋಡೆಯೂ ಬೇಡ. ನನ್ನ ಮಾತು ಕೇಳುವುದಾದರೆ, ಸಹಿ ಇರುವುದನ್ನು ಸ್ಕ್ಯಾನ್ ಮಾಡಿ ಒಳ್ಳೆಯ ಪ್ರಿಂಟ್ ತೆಗೆಸಿ ಅದನ್ನು ಗೋಡೆಗೆ ಹಾಕಿ. ಅಸಲಿ ಕಪಾಟಿನಲ್ಲಿರಲಿ.

ಕಪಾಟಿನಲ್ಲಿ ಹೇಗೆ ಇಡಬೇಕು?

ಒಂದೊಂದಕ್ಕೂ ಒಂದೊಂದು ಕವರ್. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಿರಲಿ. ಪಿ.ವಿ.ಸಿ. ಕವರ್ ಬೇಡ. ಹೊಸ ಪ್ಲಾಸ್ಟಿಕ್ ವಾಸನೆ ಗಪ್ಪಂತ ಬಂದರೆ ಅದು ಪಿ.ವಿ.ಸಿ. ಅಂದುಕೊಳ್ಳಿ. ಸಹಿಯ ಇಂಕನ್ನೇ ಅದು ಎಳೆದುಕೊಳ್ಳುತ್ತದೆ. ಹಾಳೆಗಳ ನಡುವೆ ಆಮ್ಲರಹಿತ ಕಾಗದ ಇಡಿ. ಹಳೆಯ ಸ್ಟೇಪ್ಲರ್ ಪಿನ್, ಜೆಮ್ ಕ್ಲಿಪ್ ತೆಗೆದುಬಿಡಿ, ತುಕ್ಕು ಹಿಡಿದು ಕಾಗದ ತಿನ್ನುತ್ತವೆ. ಪೆಟ್ಟಿಗೆ ನೆಲದ ಮೇಲೆ ಬೇಡ, ಅಟ್ಟದ ಮೇಲೂ ಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಾಯಿಸಿ. ನುಸಿ ಗುಳಿಗೆ ಹಾಕಬೇಡಿ. ಬಿಸಿಲು ಇರುವ ದಿನ ಕಪಾಟಿನ ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ. ಸಿಲ್ವರ್‌ಫಿಶ್ ಹುಳಕ್ಕೆ ಕತ್ತಲೆ, ತೇವ, ಹಳೆ ಅಂಟು ಅಂದರೆ ಹಬ್ಬ.

ಬರೆದಿಡಬೇಕು ಅಂತೀರಲ್ಲ, ಏನು ಬರೆಯಬೇಕು?

ಯಾರು, ಯಾವ ದಿನ, ಎಲ್ಲಿ, ಯಾವ ನಾಟಕದ ಮೇಲೆ, ಜೊತೆಗೆ ಯಾರಿದ್ದರು, ಏನು ಮಾತಾಡಿದರು. ಮನೆಗೆ ಬಂದ ರಾತ್ರಿಯೇ ಬರೆಯಿರಿ. ಫೋಟೊ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಅದೂ ಅಂಚಿನಲ್ಲಿ. ಬಾಲ್ ಪೆನ್ ಒತ್ತು ಮುಂದೆ ಎದ್ದು ಕಾಣುತ್ತದೆ. ಹಳೆಯದನ್ನು ಕೊಂಡರೆ ಯಾರಿಂದ, ಎಷ್ಟಕ್ಕೆ ಅಂತಲೂ ಬರೆದು ರಸೀದಿ ಜೊತೆಗಿಡಿ.

ಚೀಟಿ ಇಲ್ಲದ ಒಳ್ಳೆಯ ಸಹಿಗಿಂತ ಚೀಟಿ ಇರುವ ಸಾಧಾರಣ ಸಹಿ ನನಗೆ ಇಷ್ಟ. ಪಾತ್ರವರ್ಗದ ಕೊನೆಯ ಸಾಲಿನಲ್ಲಿದ್ದ ಹುಡುಗ ಮುಂದೆ ಏನಾಗುತ್ತಾನೋ ಯಾರಿಗೆ ಗೊತ್ತು? ಸಂಚಾರಿ ವಿಜಯ್ ಸಣ್ಣ ತಂಡಗಳಲ್ಲಿ ಪಾತ್ರ ಮಾಡಿಕೊಂಡಿದ್ದು, ಆಮೇಲೆ ರಾಷ್ಟ್ರಪ್ರಶಸ್ತಿ ತಗೊಂಡರು. 2021ರಲ್ಲಿ ಹೋಗಿಯೇಬಿಟ್ಟರು. ಅವರ ನಾಟಕದ ದಿನಗಳ ಕರಪತ್ರ ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ಅದರ ಜೊತೆ ಒಂದು ಚೀಟಿ ಬರೆದಿಡಿ.

ನಟರು ತೊಟ್ಟ ಉಡುಪು, ಕಿರೀಟ, ಕತ್ತಿ ಇಂಥವು ಸಿಗುತ್ತಾ?

ಸಿಗುತ್ತವೆ, ನಂಬುವುದು ಕಷ್ಟ. ಪೇಟೆ ಕಡೆಯ ನಾಟಕದ ಡ್ರೆಸ್ ಬಾಡಿಗೆ ಅಂಗಡಿಯಲ್ಲಿ ಒಂದೇ ಕಿರೀಟವನ್ನು ಎಷ್ಟೋ ಜನ ದುರ್ಯೋಧನರು ತೊಟ್ಟಿರುತ್ತಾರೆ. ಅದನ್ನು ಇಂಥವರೇ ತೊಟ್ಟಿದ್ದು ಅನ್ನಲು ಆ ನಾಟಕದ ಫೋಟೊ ಬೇಕು, ಫೋಟೊದಲ್ಲಿ ಕಾಣುವ ಹರಳು ಬಿದ್ದ ಜಾಗ, ಹೊಲಿಗೆ, ತೇಪೆ ಕಿರೀಟದಲ್ಲೂ ಇರಬೇಕು. ಜಾಗ ಮತ್ತು ತಾಳ್ಮೆ ಎರಡೂ ಇದ್ದವರಿಗೆ ಮಾತ್ರ ಇದು.

ಯಾವುದಕ್ಕೆ ಎಷ್ಟು ಬೆಲೆ?

ಇಲ್ಲಿ ನಾನು ಅಂಕಿ ಬರೆಯುವುದಿಲ್ಲ. ನಟ ತೀರಿಕೊಂಡ ವಾರ ಬೆಲೆ ಆಕಾಶಕ್ಕೆ ಹೋಗುತ್ತದೆ, ನಕಲಿಗಳೂ ಅದೇ ವಾರ ಹುಟ್ಟುತ್ತವೆ. ಆಗ ಕೊಳ್ಳಬೇಡಿ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ‘ಮುಂಗಡ ಹಾಕಿ, ಇನ್ನಿಬ್ಬರು ಕೇಳ್ತಿದ್ದಾರೆ’ ಅಂದರೆ ಆ ಇನ್ನಿಬ್ಬರಿಗೇ ಕೊಟ್ಟುಬಿಡಿ ಅನ್ನಿ.

ಸಹಿ ಇರುವ ಫೋಟೊ ನನ್ನದು. ಪುಸ್ತಕದಲ್ಲಿ ಅಚ್ಚು ಹಾಕಬಹುದಾ?

ಫೋಟೊ ನಿಮ್ಮದು, ಹಕ್ಕು ನಿಮ್ಮದಲ್ಲ. ಕೃತಿಸ್ವಾಮ್ಯ ಸಾಮಾನ್ಯವಾಗಿ ಫೋಟೊ ತೆಗೆದವರದ್ದೋ ತೆಗೆಸಿದವರದ್ದೋ ಆಗಿರುತ್ತದೆ. ನಮ್ಮ ಕಾಯ್ದೆಯಲ್ಲಿ 2012ರ ತಿದ್ದುಪಡಿಯ ಮೇಲೆ ಫೋಟೊಗಳಿಗೆ ಅದು ಸಾಮಾನ್ಯವಾಗಿ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಪತ್ರವೂ ಹಾಗೆಯೇ, ಕಾಗದ ನಿಮ್ಮದು, ಅದರಲ್ಲಿರುವ ಬರವಣಿಗೆ ಬರೆದವರದ್ದು.

ಅಮೆರಿಕದಲ್ಲಿರುವ ಮಗನಿಗೆ ಹಳೆಯ ಕಂಪನಿ ನಾಟಕದ ಹಸ್ತಪ್ರತಿ ಕಳಿಸಬೇಕು.

ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಸಾಹಿತ್ಯದ, ಇತಿಹಾಸದ ಬೆಲೆ ಇರುವ ಹಸ್ತಪ್ರತಿ, ದಾಖಲೆಗಳು 75 ವರ್ಷ ದಾಟಿದ್ದರೆ, ಬೇರೆ ಪುರಾತನ ವಸ್ತುಗಳು 100 ವರ್ಷ ದಾಟಿದ್ದರೆ, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಹಾಗಾಗಿ ಆ ವಯಸ್ಸಿನ ಕಾಗದ ನಮ್ಮಲ್ಲಿ ಇರುವುದು ಅಪರೂಪವೇನಲ್ಲ. ಸ್ಕ್ಯಾನ್ ಮಾಡಿ ಕಳಿಸಿ.

ಲಂಡನ್, ನ್ಯೂಯಾರ್ಕ್‌ಗೆ ಹೋದಾಗ ಅಲ್ಲಿ ನಾಟಕದವರ ಸಹಿ ಸಿಗುತ್ತಾ?

ಸಿಗಬಹುದು. ಅಲ್ಲಿ ಥಿಯೇಟರಿನ ಪಕ್ಕದಲ್ಲೋ ಹಿಂದೆಯೋ ಕಲಾವಿದರ ಬಾಗಿಲು ಬೇರೆ ಇರುತ್ತದೆ, ನಾಟಕ ಮುಗಿದ ಮೇಲೆ ಜನ ಅಲ್ಲಿ ಕಾಯುತ್ತಾರೆ. ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ನಾಟಕದ ಕಿರುಪುಸ್ತಕ ಪುಕ್ಕಟೆ ಕೊಡುತ್ತಾರೆ, ಲಂಡನ್‌ನಲ್ಲಿ ಸಾಮಾನ್ಯವಾಗಿ ದುಡ್ಡು ಕೊಟ್ಟು ಕೊಳ್ಳಬೇಕು. ಅದರ ಮೇಲೆ ಸಹಿ ಹಾಕಿಸಿ. ಹೊರಗೆ ಬರಲೇಬೇಕು ಅಂತ ನಿಯಮ ಏನಿಲ್ಲ, ಚಳಿಯಲ್ಲಿ ಕಾದು ಬರಿಗೈಲಿ ಬರುವುದಕ್ಕೂ ತಯಾರಾಗಿರಿ.

ನನ್ನ ಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ. ನನ್ನ ನಂತರ ಏನು ಮಾಡುವುದು?

ಈ ಪ್ರಶ್ನೆ ಕೇಳುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಸಂಗ್ರಹವನ್ನು ಒಡೆಯದೆ ಒಟ್ಟಿಗೆ ಕೊಡಿ. ಸಿನಿಮಾದ ಪೋಸ್ಟರ್, ಸ್ಟಿಲ್, ಹಾಡಿನ ಪುಸ್ತಕಗಳನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇಡುತ್ತದೆ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೂಡ ಇಂಥದ್ದನ್ನು ಕಾಪಾಡುತ್ತದೆ. ಬೆಂಗಳೂರಿನಲ್ಲೇ ಇರಲಿ ಅಂದರೆ ಕಸ್ತೂರ್ಬಾ ರಸ್ತೆಯಲ್ಲಿ ಕಲೆ, ಛಾಯಾಚಿತ್ರಗಳನ್ನು ಇಡುವ ಮ್ಯಾಪ್ ಮ್ಯೂಸಿಯಂ, ನಂದಿನಿ ಲೇಔಟ್‌ನ ಚಲನಚಿತ್ರ ಅಕಾಡೆಮಿ, ನಾಟಕದ್ದಕ್ಕೆ ಕನ್ನಡ ಭವನದಲ್ಲಿರುವ ನಾಟಕ ಅಕಾಡೆಮಿಯನ್ನು ಕೇಳಿ ನೋಡಿ. ಕೊಡುವ ಮೊದಲು ಎಲ್ಲಿ ಇಡುತ್ತೀರಿ, ಯಾರು ನೋಡಬಹುದು ಅಂತ ಕೇಳಿ, ಒಪ್ಪಿದ್ದನ್ನು ಬರಹದಲ್ಲಿ ತಗೊಳ್ಳಿ.

ಎಲ್ಲಕ್ಕೂ ಮೊದಲು ಒಂದು ಪಟ್ಟಿ ಮಾಡಿ. ಪಟ್ಟಿ ಇಲ್ಲದ ಪೆಟ್ಟಿಗೆಯನ್ನು ಯಾವ ಸಂಸ್ಥೆಯೂ ಖುಷಿಯಿಂದ ತಗೊಳ್ಳುವುದಿಲ್ಲ. ಪಟ್ಟಿಯ ಒಂದು ಪ್ರತಿ ಪೆಟ್ಟಿಗೆಯಲ್ಲಿ, ಇನ್ನೊಂದು ಮನೆಯವರ ಕೈಯಲ್ಲಿ ಇರಲಿ. ಪೆಟ್ಟಿಗೆ ಮೇಲೆ ‘ರದ್ದಿಗೆ ಹಾಕಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದಕ್ಕೆ ಬೇಕಾದರೆ ಆ ದಪ್ಪ ಮಾರ್ಕರ್ ಬಳಸಬಹುದು.